ಪಾಲಾಕ್ಷರ ಬಿಟ್, ಚಿತ್ತಮ್ಮನ ರೇಷ್ಮೆ ಎಳೆ

ಮೊಳಕಾಲ್ಮೂರಿನಲ್ಲಿ ಇನ್ನೂ ಮಗ್ಗದ ಸದ್ದು ಎದ್ದಿಲ್ಲ. ನಾಗರಾಜಪ್ಪನವರ ಹೊಸ ಸೀರೆ ಅಂಗಡಿಯ ಜಗಲಿಯ ಮೇಲೆ ಬಡಗಿ ಪಾಲಾಕ್ಷ ತಗಡಿನ ಡಬ್ಬಿ ತೆರೆದು, ಹೆಣ್ಣು ನೋಡಲು ಬಂದವರ ಗಾಂಭೀರ್ಯದಲ್ಲಿ ಕೂತಿದ್ದಾರೆ. ಡಬ್ಬಿಯೊಳಗೆ ಹಲಗೆ ಕೊರೆಯುವ ರೂಟರ್ ಮಷೀನಿಗೆ ಸಿಕ್ಕಿಸುವ ಅಲಗುಗಳು, ಅಂದರೆ ಬಿಟ್‌ಗಳು. ಒಂದನ್ನು ಎತ್ತುತ್ತಾರೆ, ಉಗುರಿನ ಮೇಲೆ ಹರಿತ ನೋಡುತ್ತಾರೆ, ತಲೆಯಲ್ಲಾಡಿಸಿ ವಾಪಸು ಇಡುತ್ತಾರೆ. ಹೊತ್ತೇರಿದರೆ ವೋಲ್ಟೇಜು ಕುಂಟುತ್ತದೆ. ಹಾಗಾಗಿ ಚಳ್ಳಕೆರೆಯ ಈ ಬಡಗಿಯ ದಿನ ಕೋಳಿಗಿಂತ ಮೊದಲೇ ಶುರು.

ಅಪ್ಪ ಹುಲಿಯಪ್ಪ ಉಳಿ, ಕೊಡತಿ ಹಿಡಿದು ಬೇವಿನ ಬಾಗಿಲು ಮಾಡಿದವರು. ಮಗನ ಪಾಲಿಗೆ ಬಂದದ್ದು ಮೆಲಮೈನ್ ಹಲಗೆ. ಒಳಗೆ ಅಂಟು ಹಾಕಿ ಅದುಮಿದ ಮರದ ಪುಡಿ, ಮೇಲೆ ಬೆಳ್ಳಗೆ ಹೊಳೆಯುವ ತೆಳು ಪದರ. ಮೇಲೆ ತಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಬೀರುವಿನ ಅಡ್ಡಹಲಗೆ ಕೂರಲು ನಿಂತ ಹಲಗೆಯಲ್ಲಿ ಕಾಲುವೆಯಂಥ ಉದ್ದನೆಯ ಗ್ರೂವ್ ಕೊರೆಯಬೇಕು. ಬಿಟ್ ತಪ್ಪಿದರೆ ಬಿಳಿ ಪದರ ಹಪ್ಪಳದಂತೆ ಮುರಿದು ಅಂಚೆಲ್ಲ ಮುಳ್ಳಾಗುತ್ತದೆ. ಪುಸ್ತಕದ ಬೀರುವಾದರೆ ಹೇಗೋ ನಡೆದೀತು, ಇಲ್ಲಿ ಮಲಗುವುದು ರೇಷ್ಮೆ ಸೀರೆ. ಒಂದು ಎಳೆ ಸಿಕ್ಕಿಕೊಂಡರೂ ನೇಕಾರರ ಹೊಟ್ಟೆ ಉರಿಯುತ್ತದೆ.

"ಬೋರ್ಡಿನೋರು ಹದಿನೆಂಟು ಎಂ.ಎಂ. ಅಂತಾರೆ, ಅಳದ್ರೆ ಅಷ್ಟಿರಲ್ಲ. ಬಿಟ್ ಮಾತ್ರ ಸತ್ಯವಂತ, ಹದಿನೆಂಟೇ ಕೊರೀತೈತೆ. ಇಬ್ರಿಗೂ ಗಂಟು ಹಾಕಿದ್ರೆ ಹಲಗೆ ಗಡಗಡ ಅಂತೈತೆ. ಅದಕ್ಕೇ ಸಣ್ಣ ಬಿಟ್ ಹಾಕಿ ಎರಡು ಸಲ ಓಡಿಸ್ತೀನಿ" ಎನ್ನುತ್ತಾರೆ ಪಾಲಾಕ್ಷ.

ಇಷ್ಟೆಲ್ಲ ಬಲ್ಲವರಿಗೂ ನಿನ್ನೆ ಗ್ರಹಚಾರ ಕಾದಿತ್ತು. ಆಯುಧಪೂಜೆ ಆಗಷ್ಟೇ ಮುಗಿದಿದೆ. ಮನೆಯಾಕೆ ಮಂಜಮ್ಮ ಮಷೀನು ಕಚ್ಚಿ ಹಿಡಿಯುವ ಒಂದೊಂದು ಬಿಟ್‌ನ ಕುತ್ತಿಗೆಗೂ ಎಣ್ಣೆ ಸವರಿ, ಕುಂಕುಮ ಮೆತ್ತಿದ್ದಾರೆ. ಅದು ತಾನಾಗೇ ಉದುರಬೇಕು, ಒರೆಸಿದರೆ ಆಯುಧ ಮುನಿಯುತ್ತದೆ ಎಂಬುದು ಅವರ ಶಾಸ್ತ್ರ. ಹೆಂಡತಿಯ ಶಾಸ್ತ್ರ ಮೀರುವುದುಂಟೇ? ಪಾಲಾಕ್ಷ ಹಾಗೇ ಸಿಕ್ಕಿಸಿ ಓಡಿಸಿದರು. ಎಣ್ಣೆಗೆ ಬಿಟ್ ಹಿಡಿತ ತಪ್ಪಿ ಕೆಳಕೆಳಕ್ಕೆ ಜಾರಿತು. ಗ್ರೂವ್ ಆಳವಾಗುತ್ತ ಹೋಗಿ ಹಲಗೆಯ ಆಚೆ ಬದಿಗೆ ಸೀಳು ಬಿತ್ತು.

ಆ ಸೀಳಿನ ಆಚೆ ಮೊದಲು ಕಂಡದ್ದು ನಾಗರಾಜಪ್ಪನವರ ಹೆಂಡತಿ, ತೆಲುಗು ಮನೆಮಾತಿನ ಚಿತ್ತಮ್ಮನ ಕಣ್ಣು. "ಏಮಯ್ಯಾ, ಸೀರೆ ಇಡೋಕೆ ಬೀರು ಕೇಳಿದ್ರೆ ಕಿಟಕಿ ಮಾಡಿ ಕೊಡ್ತೀಯಾ?"

ಈಗ ಉಳಿದಿರುವುದು ಒಂದೇ ಹಲಗೆ. ಶುಕ್ರವಾರ ಅಂಗಡಿ ಪೂಜೆ. ಇದೂ ಕೆಟ್ಟರೆ ಬೇರೆ ಬಡಗಿಯನ್ನು ಕರೆಸುವುದಾಗಿ ಚಿತ್ತಮ್ಮ ಹೇಳಿಯಾಗಿದೆ. ಮೊಳಕಾಲ್ಮೂರಿನಲ್ಲಿ ಪಾಲಾಕ್ಷರಿಗೆ ಇದು ಮೊದಲ ಕೆಲಸ, ಹೆಸರು ಕೆಟ್ಟರೆ ಇದೇ ಕೊನೆಯದೂ ಹೌದು.

ಕೊನೆಗೂ ಒಂದು ಬಿಟ್ ಒಪ್ಪಿಗೆಯಾಗುತ್ತದೆ. "ಮೇಲಕ್ಕೆ ತಿರುಚಿರೋದು ಪುಡಿ ಎಳಿಯೋವಾಗ ಪದರಾನೂ ಕಿತ್ಕೊಂಡು ಬರ್ತೈತೆ. ಇದು ಕೆಳಕ್ಕೆ ತಿರುಚಿರೋದು, ಪದರಾನ ಒತ್ತಿ ಕುಯ್ತೈತೆ. ಪುಡಿ ಒಳಗೇ ಬಿಡ್ತೈತೆ, ಗುಡಿಸ್ಕಂಡ್ರಾತು ಬಿಡ್ರಿ." ಒರೆಸಲು ಬಟ್ಟೆ ಹಿಡಿದ ಅವರ ಕೈ ಕುಂಕುಮದ ಬಳಿ ನಿಲ್ಲುತ್ತದೆ. ಒರೆಸಿದರೆ ಮಂಜಮ್ಮ, ಬಿಟ್ಟರೆ ಚಿತ್ತಮ್ಮ! ಅರೆಗಳಿಗೆ ಯೋಚಿಸಿ, ಕುಂಕುಮವನ್ನು ಬೆರಳಲ್ಲಿ ತೆಗೆದು ತಮ್ಮ ಹಣೆಗೇ ಬಳಿದುಕೊಳ್ಳುತ್ತಾರೆ. ಉಳಿದ ಎಣ್ಣೆ ತಲೆಗೆ. ಬಿಟ್‌ನ ಕುತ್ತಿಗೆ ಈಗ ಒಣಗಿ ಹೊಳೆಯುತ್ತಿದೆ, ಬಡಗಿಯೇ ಪೂಜೆಗೆ ಇಟ್ಟ ಆಯುಧದಂತಾಗಿದ್ದಾರೆ.

ಮಷೀನು ಗುಂಯ್‌ಗುಡುತ್ತದೆ. ಒಂದು ಸಲ, ಇನ್ನೊಂದು ಸಲ. ಸದ್ದು ನಿಂತಾಗ ಚಿತ್ತಮ್ಮ ಬಿಡಿ ರೇಷ್ಮೆ ಎಳೆಯೊಂದನ್ನು ಅಂಚಿನ ಉದ್ದಕ್ಕೂ ಎಳೆಯುತ್ತಾರೆ. ಎಳೆ ಎಲ್ಲೂ ನಿಲ್ಲುವುದಿಲ್ಲ. ಆಕೆಗೆ ನಂಬಿಕೆ ಸಾಲದು. ಒಳಗಿನಿಂದ ತಾವೇ ನೇಯ್ದ ನವಿಲಂಚಿನ ಸೀರೆ ತಂದು ಸೆರಗನ್ನೇ ಹಾಯಿಸುತ್ತಾರೆ. ಸೆರಗು ನೀರಿನ ಹಾಗೆ ಜಾರಿ ಆಚೆ ಹೋಗುತ್ತದೆ.

"ಬಾಗುಂದಿ," ಎನ್ನುತ್ತಾರೆ ಚಿತ್ತಮ್ಮ. ಚೆನ್ನಾಗಿದೆ ಎಂಬ ಆ ಒಂದು ಮಾತಿಗೆ ಪಾಲಾಕ್ಷರ ಕಣ್ಣು ತುಂಬುತ್ತದೆ. ಆಕೆಯ ಮಾತು ಇನ್ನೂ ಮುಗಿದಿಲ್ಲ. "ಆ ಕಿಟಕಿ ಹಲಗೆ ಬಿಸಾಕಬ್ಯಾಡಪ್ಪ. ಗಲ್ಲಾಪೆಟ್ಟಿಗೆಗೆ ಮುಚ್ಚಳ ಮಾಡು. ದುಡ್ಡು ಹಾಕೋಕೆ ಸೀಳು ಸರಿಯಾಗೈತೆ."

ಇನ್ನೇನು ಆಸೆ ಇದೆ ಎಂದು ಕೇಳಿದರೆ ಪಾಲಾಕ್ಷ ಬಿಟ್‌ಗಳನ್ನು ಒಂದೊಂದಾಗಿ ಮಲಗಿಸಿ ಡಬ್ಬಿ ಮುಚ್ಚುತ್ತಾರೆ. "ದೊಡ್ಡದೇನಿಲ್ರಿ. ಮುಂದಿನ ವರ್ಷ ಕುಂಕುಮನ ಡಬ್ಬಿ ಮೇಲಷ್ಟೇ ಹಚ್ಚು ಅಂತ ನಮ್ಮ ಮನೆಯಾಕೆಗೆ ಹೇಳ್ಬೇಕು. ಬಿಟ್ ಆರಿಸೋ ಬುದ್ಧಿ ದೇವ್ರು ಕೊಟ್ಟವ್ನೆ. ಇದನ್ನ ಹೇಳೋ ಧೈರ್ಯ ಒಂದು ಕೊಟ್ರೆ ಸಾಕು."