ಹನ್ನೊಂದರಲ್ಲಿ ಒಂಬತ್ತು

ಮೂರು ವರ್ಷಗಳ ಹಿಂದೆ, ಅಪರಾಧಶಾಸ್ತ್ರ ಪದವಿಯ ಐದನೇ ಸೆಮಿಸ್ಟರ್‌ನಲ್ಲಿ, ಮೈಸೂರಿನ ಒಂದು ಪೊಲೀಸ್ ಠಾಣೆಯಲ್ಲಿ ನಾನು ಆರು ವಾರ ಇಂಟರ್ನ್ ಆಗಿದ್ದೆ. ನನ್ನ ವಿಷಯ ಕ್ರೈಮ್ ಅನಾಲಿಸಿಸ್. ಕಳ್ಳನನ್ನು ಹಿಡಿಯುವುದು ಅದರ ಕೆಲಸವಲ್ಲ. ಆಗಿಹೋದ ಅಪರಾಧಗಳನ್ನು ಸ್ಥಳ, ಸಮಯ, ವಿಧಾನಗಳ ಪ್ರಕಾರ ಜೋಡಿಸಿ ಅವುಗಳಲ್ಲಿ ಸಮಾನವಾದುದು ಏನೆಂದು ನೋಡುವುದು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಅಜ್ಜಿ, "ಇದನ್ನ ಓದಿ ಏನಾಗ್ತೀಯೇ, ಇನ್ಸ್‌ಪೆಕ್ಟರಾ?" ಎನ್ನುತ್ತಿದ್ದರು. ನನಗೆ ಅಂಕಿಗಳು ಇಷ್ಟವಾಗಿದ್ದವು. ಅವು ಜನರಿಗಿಂತ ಕಡಿಮೆ ಮಾತಾಡುತ್ತವೆ.

ಠಾಣೆಯವರು ಕೊಟ್ಟದ್ದು ರಾಮಕೃಷ್ಣನಗರದ ಆರು ಕ್ರಾಸ್‌ಗಳಲ್ಲಿ ನಾಲ್ಕು ತಿಂಗಳಲ್ಲಿ ನಡೆದ ಹನ್ನೊಂದು ಮನೆಗಳ್ಳತನಗಳ ಕಡತ. ಎಲ್ಲವೂ ಮನೆಯವರು ಪ್ರವಾಸಕ್ಕೋ ಮದುವೆಗೋ ಹೋಗಿದ್ದಾಗ ನಡೆದವು. ಅವರು ಮನೆಯಲ್ಲಿಲ್ಲವೆಂದು ಕಳ್ಳರಿಗೆ ತಿಳಿದದ್ದು ಹೇಗೆ ಎಂಬುದೇ ಪ್ರಶ್ನೆ. ಹನ್ನೊಂದೂ ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿದೆ: ಹಾಲಿನವರು ಯಾರು, ಪೇಪರಿನವರು ಯಾರು, ಕೆಲಸದವರು ಯಾರು. ಒಂದು ಹೆಸರು ಮತ್ತೆ ಮತ್ತೆ ಬಂತು: ಚಿಕ್ಕತಾಯಮ್ಮ.

ಹೂಟಗಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಮನೆಮನೆಯ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟು ಹೋಗುವವರು ಅವರು. ಮನೆಯವರು ಊರಿಗೆ ಹೋಗುವಾಗ ತಪ್ಪದೆ ಅವರಿಗೆ ಹೇಳಿ ಹೋಗುತ್ತಿದ್ದರು: ನಾಲ್ಕು ದಿನ ಇರುವುದಿಲ್ಲ, ರಂಗೋಲಿ ಮಾತ್ರ ತಪ್ಪಿಸಬೇಡಿ. ಬಾಗಿಲಲ್ಲಿ ಹೊಸ ರಂಗೋಲಿ ಇದ್ದರೆ ಮನೆಯಲ್ಲಿ ಜನ ಇದ್ದಾರೆಂದು ಕಾಣಲಿ ಎಂದು.

ಒಂದು ಬೆಳಿಗ್ಗೆ ಅವರನ್ನು ಮೂರನೇ ಕ್ರಾಸಿನಲ್ಲಿ ಹಿಡಿದೆ. ಕೈಯಲ್ಲಿ ರಂಗೋಲಿ ಪುಡಿಯ ಡಬ್ಬ, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಏನವ್ವ, ಜನಗಣತಿಯೋರಾ? ಮೊನ್ನೆ ಒಬ್ಳು ಬಂದು ಬೀದೀಲಿ ನಾಯಿ ಎಷ್ಟವೆ ಅಂತ ಕೇಳ್ಕೊಂಡು ಓದ್ಲು. ಮನುಸ್ರನ್ನ ಮಾತ್ರ ಯಾರೂ ಕೇಳಾಕಿಲ್ಲ" ಎಂದು ನಕ್ಕರು.

ನನ್ನ ಪಟ್ಟಿಯ ಮನೆಗಳನ್ನು ಒಂದೊಂದಾಗಿ ಓದಿದೆ. ಹನ್ನೊಂದರಲ್ಲಿ ಒಂಬತ್ತಕ್ಕೆ ಹೂಂ ಎಂದರು. ಆಮೇಲೆ ಬೆರಳು ಮಡಚುತ್ತಾ, "ಇನ್ನೂ ಅವೆ ಕಣವ್ವ, ಆ ಕಡೆ ಬೀದೀಲಿ ಮೇಷ್ಟ್ರ ಮನೆ, ಅದರ ಪಕ್ಕದ್ದು..." ಎಂದು ಶುರುಮಾಡಿದರು. ನನ್ನ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

"ಇಷ್ಟು ಸಾಕು, ಥ್ಯಾಂಕ್ಸ್" ಎಂದೆ.

ವರದಿಯಲ್ಲಿ ನಾನು ಯಾರನ್ನೂ ಕಳ್ಳಿ ಎನ್ನಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಮನೆಗಳಿಗೆ ಸಮಾನವಾದ ಏಕೈಕ ಅಂಶ ಎಂದು ಬರೆದು, ಪಕ್ಕದಲ್ಲಿ ಹೆಸರು ಹಾಕಿದೆ. ಸಬ್ ಇನ್ಸ್‌ಪೆಕ್ಟರ್ ಆ ಪುಟವನ್ನು ಎರಡು ಸಲ ಓದಿದರು. "ಏನ್ ಮೇಡಮ್, ನಮ್ಮ ಸರ್ವೀಸಲ್ಲೇ ಹೊಳೀಲಿಲ್ವಲ್ರೀ ಇದು!" ಎಂದು ಕಾಫಿ ತರಿಸಿದರು. ನಾನು ಸಂತೋಷದಿಂದಲೇ ಕುಡಿದೆ.

ಮರುದಿನ ಬೆಳಿಗ್ಗೆ, ಅರ್ಧ ಬಿಡಿಸಿದ ರಂಗೋಲಿಯಿಂದ ಎಬ್ಬಿಸಿ ಅವರನ್ನು ಜೀಪಿನಲ್ಲಿ ಕರೆತಂದರು. ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಮನೆ ಶೋಧಿಸಿದರು. ಏನೂ ಸಿಗಲಿಲ್ಲ, ಕಳಿಸಿದರು. ಅಷ್ಟರಲ್ಲಿ ಜೀಪು ಹತ್ತುತ್ತಿರುವ ಫೋಟೋ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಿತ್ತು. ಆ ವಾರವೇ ಎಲ್ಲ ಮನೆಯವರೂ ಅವರನ್ನು ಕೆಲಸದಿಂದ ಬಿಡಿಸಿದರು.

ಎಲ್ಲ ಎಂದರೆ ಎಷ್ಟು ಎಂಬುದನ್ನು ನಾನು ಆಗ ಎಣಿಸಲು ಹೋದೆ. ಐದು ದಿನ ಆ ಆರು ಕ್ರಾಸ್‌ಗಳಲ್ಲಿ ಪ್ರತಿ ಮನೆಯ ಗಂಟೆ ಒತ್ತಿ ಕೇಳಿದೆ. ಐವತ್ತೆಂಟು ಮನೆಗಳಲ್ಲಿ ನಲವತ್ತಾರಕ್ಕೆ ರಂಗೋಲಿ ಇಡುತ್ತಿದ್ದವರು ಚಿಕ್ಕತಾಯಮ್ಮನೇ. ಅಂದರೆ ಕಣ್ಣು ಮುಚ್ಚಿಕೊಂಡು ಹನ್ನೊಂದು ಮನೆ ಆರಿಸಿದ್ದರೂ ಸುಮಾರು ಒಂಬತ್ತು ಅವರವೇ ಆಗಿರುತ್ತಿದ್ದವು. ನಮ್ಮ ವಿಷಯದಲ್ಲಿ ಇದನ್ನು ಬೇಸ್ ರೇಟ್ ಎನ್ನುತ್ತಾರೆ: ಕಳ್ಳತನವಾದ ಮನೆಗಳನ್ನಷ್ಟೇ ಅಲ್ಲ, ಆಗದ ಮನೆಗಳನ್ನೂ ಎಣಿಸಬೇಕು. ಮೂರನೇ ಸೆಮಿಸ್ಟರ್‌ನ ಪಾಠ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ.

ತಿದ್ದುಪಡಿ ಬರೆದು ಠಾಣೆಗೆ ಒಯ್ದೆ. "ಬುಡಿ ಮೇಡಮ್, ಕಳಿಸಿಬುಟ್ವಲ್ಲ. ಎಫ್‌ಐಆರ್ ಇಲ್ಲ, ಏಟಿಲ್ಲ, ಬೈಗಳಿಲ್ಲ. ಯಾಕೆ ತಲೆ ಕೆಡಿಸ್ಕೋತೀರ?" ಎಂದರು ಸಬ್ ಇನ್ಸ್‌ಪೆಕ್ಟರ್. ಪ್ರಾಜೆಕ್ಟ್ ಗೈಡ್ ಇನ್ನೂ ಸೌಮ್ಯವಾಗಿ, ವೈವಾ ಹತ್ತಿರವಿದೆ, ಕೊನೆಯಲ್ಲಿ 'ಮಿತಿಗಳು' ಎಂದು ಒಂದು ಪ್ಯಾರಾ ಸೇರಿಸು ಎಂದರು. ಸೇರಿಸಿದೆ. ತರಗತಿಯಲ್ಲೇ ಹೆಚ್ಚಿನ ಅಂಕ ಬಂತು.

ಎರಡು ತಿಂಗಳ ನಂತರ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದ ಇಬ್ಬರು ಈ ಹನ್ನೊಂದನ್ನೂ ಒಪ್ಪಿಕೊಂಡರು. ಗೇಟಿಗೆ ಹೊರಗಿನಿಂದ ಬೀಗ ಕಂಡ ಮನೆಗಳಿಗೆ ನುಗ್ಗುತ್ತಿದ್ದರಂತೆ. ಚಿಕ್ಕತಾಯಮ್ಮ ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. ಆ ಸುದ್ದಿಯ ಪೇಪರ್ ಹಿಡಿದು ಮತ್ತೆ ಅದೇ ಮನೆಗಳಿಗೆ ಹೋದೆ. ಹೆಚ್ಚಿನ ಹೊಸ್ತಿಲುಗಳಲ್ಲಿ ಸ್ಟಿಕ್ಕರ್ ರಂಗೋಲಿ ಬಂದುಬಿಟ್ಟಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ಗೇಟು ತೆರೆಯದೆಯೇ ಹೇಳಿದರು: "ಅವಳು ಕದ್ದಿಲ್ಲ ಅಂತ ನಮಗೂ ಗೊತ್ತು ಕಣಮ್ಮ. ಆದ್ರೆ ಪೊಲೀಸ್ನೋರು ಸುಮ್‌ಸುಮ್ನೆ ಕರೀತಾರಾ?"

ಚಿಕ್ಕತಾಯಮ್ಮನನ್ನು ಹುಡುಕಿದಾಗ ಅವರು ಹೂಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬೈದಾರು ಎಂದುಕೊಂಡಿದ್ದೆ. ಬೈಯಲಿಲ್ಲ.

"ನೀನೇನು ಸುಳ್ಳು ಬರ್ದಿಲ್ವಲ್ಲ ಬುಡವ್ವ. ನಾನು ಒಂಬತ್ತು ಅಂದೆ, ನೀನು ಒಂಬತ್ತು ಅಂತ ಬರ್ದೆ." ಕೈ ಒರೆಸಿಕೊಂಡು ಕೇಳಿದರು: "ಎಲ್ಲಾರ ಕಳ್ಳತನ ಆದ್ರೆ ಈಗ್ಲೂ ಟೇಸನ್ನಿಂದ ಫೋನ್ ಬತ್ತದೆ, ಎಲ್ಲಿದ್ದೀಯ ಅಂತ. ಅವರ ಅನುಮಾನದ ಪಟ್ಟೀಲಿ ನನ್ನ ಎಸ್ರು ಅಳಿಸಾಕಾಯ್ತದಾ?"

ಹೋಗಿ ಕೇಳಿದೆ. ಕಡತ ನೋಡಿಕೊಳ್ಳುವ ಪೇದೆ ಬೇಸರದಿಂದಲೇ ಹೇಳಿದರು: "ಸೇರ್ಸೋದಾದ್ರೆ ಹೇಳಿ ಮೇಡಮ್. ತೆಗೆಯೋ ಪವರ್ ನಮಗಿಲ್ಲ." ಮೇಲಧಿಕಾರಿಗಳಿಗೆ ಎರಡು ಅರ್ಜಿ ಬರೆದೆ. ಸ್ವೀಕೃತಿ ಪತ್ರಗಳು ಬಂದವು. ಫೋನು ನಿಂತಿಲ್ಲ.

ಈಗ ನಾನು ಖಾಸಗಿ ಸಂಸ್ಥೆಯೊಂದರಲ್ಲಿ ವಂಚನೆ ಪತ್ತೆಯ ಅನಲಿಸ್ಟ್. ಯಾರದೇ ಹೆಸರು ಬರೆಯುವ ಮೊದಲು, ಅದೇ ಲಕ್ಷಣವಿದ್ದೂ ನಿರ್ದೋಷಿಗಳಾದವರನ್ನು ಎಣಿಸುತ್ತೇನೆ. ಆ ಪಾಠವನ್ನು ನನ್ನ ಪುಸ್ತಕ ಕಲಿಸಲಿಲ್ಲ, ಚಿಕ್ಕತಾಯಮ್ಮನ ಮೂರು ದಿನ ಕಲಿಸಿತು. ಈ ಕೆಲಸದ ಸಂದರ್ಶನದಲ್ಲಿ, ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದ್ದರು. ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದರು. ಕೆಲಸ ಸಿಕ್ಕಿತು.