ಹನ್ನೊಂದನೆಯ ಸಾಲು ತಲುಪಿತ್ತೇ?

ಎರಡು ವರ್ಷಗಳ ಹಿಂದೆ ನಾನು ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಮೇಲ್ವಿಚಾರಕಿಯಾಗಿದ್ದೆ. ಆ ಹೊತ್ತಿಗೆ ಅಲ್ಲಿ ಹದಿನಾರು ವರ್ಷ ಕಳೆದಿತ್ತು. ಕಡಬದಲ್ಲಿ ಆಸ್ಪತ್ರೆಯದೊಂದು ಸಣ್ಣ ಶಾಖೆಯಿತ್ತು. ಅಲ್ಲಿ ಹೃದಯತಜ್ಞರಿಲ್ಲದ ಕಾರಣ ಇಸಿಜಿ ನೆಟ್‌ವರ್ಕ್ ಮೂಲಕ ಪುತ್ತೂರಿನ ವೈದ್ಯರ ಪರದೆಗೆ ಬರುತ್ತಿತ್ತು. ಬರುವ ದಾರಿಯಲ್ಲಿ ನನ್ನ ಫೈರ್‌ವಾಲ್ ಕೂತಿತ್ತು. ಯಾವ ಸಂಪರ್ಕವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ ಅದು.

ಆಗ ನಾನು ನೆಟ್‌ವರ್ಕ್ ಭದ್ರತೆಯ ಲ್ಯಾಬ್ ಪರೀಕ್ಷೆಗೆ ಎರಡನೇ ಸಲ ತಯಾರಾಗುತ್ತಿದ್ದೆ. ಅಲ್ಲಿ ಉತ್ತರ ಬರೆಯುವುದಿಲ್ಲ. ಎಂಟು ಗಂಟೆ ಕೂತು ಸಾಧನಗಳನ್ನೇ ಕಟ್ಟಿ ತೋರಿಸಬೇಕು. ಮೊದಲ ಸಲ ಕೊನೆಯ ಗಂಟೆಯಲ್ಲಿ ಒಂದು ಸಾಧನ ರೀಸ್ಟಾರ್ಟ್ ಆಗಿ, ಸೇವ್ ಮಾಡದ ಕೆಲಸವೆಲ್ಲ ಹೋಗಿತ್ತು. ಆ ಸಿಟ್ಟಿಗೆ, ಅಭ್ಯಾಸಕ್ಕೆಂದು ಬರೆದಿಟ್ಟುಕೊಂಡ ಪ್ರತಿ ಆದೇಶಪಟ್ಟಿಯ ಕೊನೆಯ ಸಾಲನ್ನೂ ಸೇವ್ ಎಂದೇ ಮಾಡಿಕೊಂಡಿದ್ದೆ.

ಐವರ್ನಾಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಹಳೆಯ ಫೈರ್‌ವಾಲ್‌ಗಳು ದಿನವಿಡೀ ಗುಂಯ್‌ಗುಡುತ್ತಿದ್ದವು. "ನಿನ್ನ ಈ ಮಿಕ್ಸಿ ಯಾವಾಗ ನಿಲ್ಲುದು?" ಎಂದು ಗಂಡ ಕೇಳುತ್ತಿದ್ದರು.

ಪರೀಕ್ಷೆಗೆ ಹತ್ತು ದಿನ ಉಳಿದಿದ್ದ ಒಂದು ಭಾನುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಪ್ರಿಂಟರ್ ದೂರು ಬಂತು. ಮನೆಯಿಂದಲೇ ಆಸ್ಪತ್ರೆಯ ಫೈರ್‌ವಾಲ್‌ಗೆ ಲಾಗಿನ್ ಆಗಿ ಸರಿಪಡಿಸಿದೆ. ಆ ವಿಂಡೋ ಮುಚ್ಚಲಿಲ್ಲ. ಪಕ್ಕದಲ್ಲೇ ಅಭ್ಯಾಸದ ವಿಂಡೋ. ಎರಡೂ ಕಪ್ಪು, ಎರಡರಲ್ಲೂ ಬಿಳಿ ಅಕ್ಷರ. ಗಡಿಯಾರ ನೋಡಿಕೊಂಡು ಅಭ್ಯಾಸ ಶುರು ಮಾಡಿದೆ. ಹನ್ನೊಂದು ಸಾಲುಗಳ ಪಟ್ಟಿಯೊಂದನ್ನು ಪೇಸ್ಟ್ ಮಾಡಿದೆ. ಮೊದಲ ಸಾಲು ಹಳೆಯ ನಿಯಮಗಳನ್ನೆಲ್ಲ ಅಳಿಸುವುದು. ಹನ್ನೊಂದನೆಯದು ಸೇವ್.

ಮೂರನೆಯ ಸಾಲಿಗೆ ಪರದೆ ನಿಂತುಬಿಟ್ಟಿತು. ಸಾಲಿನ ಎಡತುದಿಯಲ್ಲಿದ್ದ ಸಾಧನದ ಹೆಸರು ಓದಿದೆ. ಅದು ಆಸ್ಪತ್ರೆಯ ಫೈರ್‌ವಾಲ್.

ಮತ್ತೆ ಲಾಗಿನ್ ಆಗಲು ನೋಡಿದೆ, ಆಗಲಿಲ್ಲ. ನನ್ನನ್ನು ಒಳಬಿಡುವ ನಿಯಮವನ್ನೂ ನಾನೇ ಅಳಿಸಿದ್ದೆ. ಅಷ್ಟರಲ್ಲಿ ಫೋನ್ ಬಂತು. ಕಡಬ ಶಾಖೆಯ ಹಿರಿಯ ನರ್ಸ್ ಲೀಲಾವತಿ.

"ಮೇಡಂ, ಇಸಿಜಿ ಹೋಗ್ತಾ ಇಲ್ಲ. ಇಚಿಲಂಪಾಡಿಯ ಜೀಪ್ ಡ್ರೈವರ್ ಒಬ್ರು ಎದೆನೋವು ಅಂತ ಬಂದಿದ್ದಾರೆ. ಸಿಕ್ಕಾಪಟ್ಟೆ ಬೆವರ್ತಾ ಇದ್ದಾರೆ. ಎಂತ ಆದದ್ದು?"

ಇಂಥ ಪ್ರಶ್ನೆಗೆ ನನ್ನ ಬಳಿ ಹದಿನಾರು ವರ್ಷಗಳಿಂದ ಒಂದೇ ಉತ್ತರವಿತ್ತು: 'ಲೈನ್ ಪ್ರಾಬ್ಲಂ, ಹತ್ತು ನಿಮಿಷ ನೋಡಿ.' ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತದೆಂದು ನನಗೇ ಖಾತ್ರಿಯಿರಲಿಲ್ಲ.

"ಸಿಸ್ಟರ್, ತಪ್ಪು ನನ್ನಿಂದ ಆದದ್ದು. ಯಾವಾಗ ಸರಿಯಾಗ್ತದೆ ಅಂತ ಗೊತ್ತಿಲ್ಲ. ನೆಟ್‌ವರ್ಕಿಗೆ ಕಾಯಬೇಡಿ."

"ಆಯ್ತು. ಇಸಿಜಿ ಕಾಗದದ್ದೇ ಫೋಟೋ ತೆಗೆದು ಡಾಕ್ಟ್ರ ಮೊಬೈಲಿಗೆ ಹಾಕ್ತೇನೆ," ಎಂದು ಫೋನಿಟ್ಟರು.

ಇನ್ನು ಫೈರ್‌ವಾಲ್. ಸೇವ್ ಆಗಿರದಿದ್ದರೆ, ಪವರ್ ತೆಗೆದು ಮತ್ತೆ ಹಾಕಿದರೆ ಹಳೆಯ ನಿಯಮಗಳು ಮರಳಿ ಬರುತ್ತವೆ. ಸೇವ್ ಆಗಿದ್ದರೆ ಬರುವುದು ಖಾಲಿ ಫೈರ್‌ವಾಲ್. ನಾನು ಮುಕ್ಕಾಲು ಗಂಟೆ ಕಾರು ಓಡಿಸಿ ಪುತ್ತೂರು ಮುಟ್ಟುವವರೆಗೆ ಏನೂ ಮಾಡುವಂತಿಲ್ಲ. ನನ್ನ ಪರದೆ ಮೂರನೆಯ ಸಾಲಿಗೆ ನಿಂತಿತ್ತು ನಿಜ. ಆದರೆ ಆ ತುದಿಗೆ ಎಷ್ಟು ಸಾಲು ತಲುಪಿದ್ದವೋ ಯಾರಿಗೆ ಗೊತ್ತು?

ಪುತ್ತೂರಿನ ಡ್ಯೂಟಿ ಡಾಕ್ಟರಿಗೆ ವಿಷಯ ಹೇಳಿ ಒಪ್ಪಿಗೆ ಪಡೆದು, ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹಮೀದ್‌ಗೆ ಫೋನ್ ಮಾಡಿದೆ. ಆತ ಸರ್ವರ್ ಕೋಣೆಗೆ ಓಡಿದ.

"ಅಕ್ಕಾ, ಇಲ್ಲಿ ಮೂರು ಪೆಟ್ಟಿಗೆ ಉಂಟು. ಯಾವುದು?"

"ಮಧ್ಯದ್ದು. ಕೈ ಇಡುವ ಮೊದಲು ಅದಕ್ಕೆ ಅಂಟಿಸಿದ ಚೀಟಿ ಓದಿ ಹೇಳು ಮಾರಾಯ."

ಓದಿದ. ಇನ್ನೊಮ್ಮೆ ಓದಿಸಿದೆ. "ತೆಗಿ. ಹತ್ತು ಎಣಿಸಿ ಹಾಕು."

ಪೂರ್ತಿ ಏಳಲು ಆ ಸಾಧನಕ್ಕೆ ಆರು ನಿಮಿಷ ಬೇಕು. ಗಂಡ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಹಮೀದನ ಉಸಿರು ಕೇಳುತ್ತಿದ್ದೆ. ಐದು ನಿಮಿಷ ಕಳೆಯಿತು. ಆರೂ ಕಳೆಯಿತು. ಏಳನೆಯದರಲ್ಲಿ ಆತ ಕೂಗಿದ: "ಬಂತು ಅಕ್ಕಾ! ಡಾಕ್ಟ್ರಿಗೆ ಕಡಬದ್ದು ಕಾಣ್ತಾ ಉಂಟಂತೆ!"

ಸೇವ್ ಆದೇಶ ತಲುಪಿರಲಿಲ್ಲ.

ಸಂಪರ್ಕ ಮರಳುವ ಹೊತ್ತಿಗೆ ಡ್ರೈವರನ್ನು ಹೊತ್ತ ಆಂಬ್ಯುಲೆನ್ಸ್ ಕಡಬ ಬಿಟ್ಟಾಗಿತ್ತು. ಫೋಟೋ ನೋಡಿದ ವೈದ್ಯರು ಹೃದಯಾಘಾತವೆಂದು ಗುರುತಿಸಿ, ಮೊದಲ ಔಷಧ ಕೊಡಿಸಿ, ನೇರ ಮಂಗಳೂರಿಗೆ ಕಳಿಸಿದ್ದರು. ಆ ಮನುಷ್ಯ ಉಳಿದರು.

ಸೋಮವಾರ ಆಡಳಿತಾಧಿಕಾರಿಗೆ ನಡೆದದ್ದೆಲ್ಲ ಬರೆದುಕೊಟ್ಟೆ. ಮನೆಯಿಂದ ಲಾಗಿನ್ ಆಗುವ ನನ್ನ ಅನುಮತಿಯನ್ನು ಅವರು ಮೂರು ತಿಂಗಳು ರದ್ದು ಮಾಡಿದರು. ನ್ಯಾಯವೇ. ಪರೀಕ್ಷೆಯಲ್ಲಿ ಪ್ರತಿ ಆದೇಶಕ್ಕೆ ಮೊದಲು ಸಾಧನದ ಹೆಸರು ಓದುತ್ತ ಕೂತದ್ದರಿಂದ ಒಂದು ಭಾಗ ಬಿಟ್ಟುಹೋಯಿತು. ಆದರೂ ಪಾಸಾದೆ.

ಆಮೇಲೊಂದು ದಿನ ಕಡಬಕ್ಕೆ ಹೋಗಿ ಲೀಲಾವತಿಯವರಲ್ಲಿ ಕ್ಷಮೆ ಕೇಳಿದೆ. ಅವರು ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿಡುತ್ತ ಹೇಳಿದರು: "ತಪ್ಪು ಎಲ್ರಿಗೂ ಆಗ್ತದೆ ಮೇಡಂ. ಆದ್ರೆ ನೀವು ಅವತ್ತು 'ಹತ್ತು ನಿಮಿಷ' ಅಂದಿದ್ರೆ ನಾನು ಹತ್ತು ನಿಮಿಷವೂ ಕಾಯ್ತಿದ್ದೆ. ನಿಮ್ಮ ಮಾತು ನಂಬಿ."

ಕೆಲಸ ಕೆಟ್ಟಾಗ ಸರಿಪಡಿಸುವುದನ್ನು ನನಗೆ ಬಹಳ ಮಂದಿ ಕಲಿಸಿದ್ದಾರೆ. ಸರಿಪಡಿಸಲು ಕೈ ಹಾಕುವ ಮೊದಲೇ, ಕಾಯುತ್ತಿರುವವರಿಗೆ ನಿಜ ಹೇಳಬೇಕೆಂದು ಕಲಿತದ್ದು ಮಾತ್ರ ಆ ಭಾನುವಾರ.