ಗೋಣೆಪ್ಪನ ಒಡ್ಡು

ಗೋಣೆಪ್ಪ ನಮ್ಮ ಐದು ಊರುಗಳಿಗೆ ನೀರು ಕೊಡುತ್ತಿದ್ದ ಮನುಷ್ಯ. ರಾಣೆಬೆನ್ನೂರು ತಾಲ್ಲೂಕಿನ ಹೊಳೆದಂಡೆಯಲ್ಲಿ, ತುಂಗಭದ್ರೆಯಿಂದ ನೀರೆತ್ತುವ ಪಂಪ್‌ಹೌಸಿಗೆ ಅವನೇ ಕಾವಲುಗಾರ, ಅವನೇ ಆಪರೇಟರ್. ಊರವರಿಗೆ ಅವನ ನೆನಪಾಗುತ್ತಿದ್ದುದು ನಳ ಬಾರದ ದಿನ ಮಾತ್ರ. ಆ ಐದರಲ್ಲಿ ಒಂದೂರಿನ ಶಾಲೆಯ ಮಾಸ್ತರ ನಾನು. ನಾನೂ ಅದಕ್ಕೆ ಹೊರತಾಗಿರಲಿಲ್ಲ.

ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗೋಣೆಪ್ಪ ಹತ್ತು ಆಳು ಕಟ್ಟಿಕೊಂಡು, ಮರಳು ತುಂಬಿದ ಚೀಲಗಳನ್ನು ಹೊಳೆಗೆ ಅಡ್ಡಲಾಗಿ ಪೇರಿಸಿ ಎದೆಮಟ್ಟದ ಒಡ್ಡು ಹಾಕುತ್ತಿದ್ದ. ನಿಂತ ನೀರೆಲ್ಲ ನಮಗೆ. ಒಂದು ಮೈಲಿ ಕೆಳಗಿನ ಊರಿಗೆ ಗುಂಡಿಗಳಲ್ಲಿ ಉಳಿದಷ್ಟೇ. ಅವನ ತಂಗಿ ದೇವವ್ವನನ್ನು ಕೊಟ್ಟದ್ದು ಆ ಊರಿಗೇ. ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಕೆಲಸ ಮುಗಿದ ಮೇಲೆ ಎರಡು ಎಮ್ಮೆ ನೋಡಿಕೊಂಡಿರುವ ಹೆಂಗಸು. ಪ್ರತಿ ಬೇಸಿಗೆಯಲ್ಲೂ ಒಮ್ಮೆ ಬಂದು ಕೇಳುತ್ತಿದ್ದಳು.

"ಎರಡು ಚೀಲ ತೆಗಿಯೋ ಅಣ್ಣಾ, ಎಮ್ಮಿ ಬಾಯಿ ಒಣಗ್ಯಾವು."

"ಕೆಂಪು ನೀರು ಬರ್ಲಿ, ತೆಗೀತೇನಿ. ಅಲ್ಲೀತನಕ ದೇವರು ಬಂದು ಕೇಳಿದ್ರೂ ಇಲ್ಲ."

ಕೆಂಪು ನೀರು ಅಂದರೆ ಮುಂಗಾರಿನ ಮೊದಲ ಹೊಸ ನೀರು. ಜೂನ್ ಎರಡನೇ ವಾರ, ಮೃಗಶಿರಾ ಮಳೆಯ ಹೊತ್ತಿಗೆ ಹೊಳೆಯ ಬಣ್ಣ ತಿರುಗುತ್ತಿತ್ತು. ಆಗ ಗೋಣೆಪ್ಪ ನೀರಿಗೆ ಅರಿಶಿನ ಕುಂಕುಮ ಬಿಟ್ಟು, ಕೈಮುಗಿದು, ಒಡ್ಡಿನ ನಡುವಿನ ಚೀಲಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಹಳೆ ನೀರು ನಿಧಾನವಾಗಿ ಇಳಿದು ಹೊಸದಕ್ಕೆ ದಾರಿಯಾಗುತ್ತಿತ್ತು. ಕೆಳಗಿನ ಊರವರು ನೀರು ಗೇಣುದ್ದ ಏರಿದ್ದು ಕಂಡು ದಂಡೆ ಹತ್ತುತ್ತಿದ್ದರು. ತಡಮಾಡಿದರೆ ಹೊಳೆಯೇ ಒಡ್ಡನ್ನು ಕಿತ್ತುಕೊಂಡು ಹೋಗುತ್ತದೆ. ಇಪ್ಪತ್ತು ವರ್ಷ ಅವನ ಅಂದಾಜು ಒಮ್ಮೆಯೂ ತಪ್ಪಿರಲಿಲ್ಲ.

2006ರಲ್ಲಿ ಕೆಂಪು ನೀರು ಮೇ ಕೊನೆಗೇ ಬಂತು. ಗೋಣೆಪ್ಪ ಖುಷಿಯಿಂದಲೇ ಚೀಲ ಕಿತ್ತ. ಎರಡೇ ದಿನ, ಮಳೆ ಹೇಳದೆ ಕೇಳದೆ ಕೈಬಿಟ್ಟಿತು. ಹೊಳೆ ಮತ್ತೆ ಇಳಿಯಿತು, ಹಿಡಿದಿಟ್ಟ ನೀರೂ ಹೋಗಿಯಾಗಿತ್ತು. ಹತ್ತೊಂಬತ್ತು ದಿನ ಐದೂ ಊರುಗಳ ನಳದಲ್ಲಿ ಬರೀ ಗಾಳಿ. ಭೂಮಿ ಬಿಸಿಯಾಗುತ್ತಿದೆ, ಮಳೆ ಬರುವ ದಿನವೂ ಸುರಿಯುವ ರೀತಿಯೂ ಬದಲಾಗುತ್ತಿವೆ ಎಂದು ನನ್ನ ಪಾಠಪುಸ್ತಕದಲ್ಲೇ ಇತ್ತು. ನಾನು ಹುಡುಗರಿಗೆ ಪ್ರಶ್ನೋತ್ತರ ಬರೆಸಿ ಕೈತೊಳೆದುಕೊಂಡಿದ್ದೆ. ಅದು ನಮ್ಮ ಹೊಳೆಯ ಮಾತೂ ಹೌದು ಎಂದು ನನಗೆ ಅನಿಸಿರಲೇ ಇಲ್ಲ.

ಮಳೆಯ ಮೇಲೆ ಸಿಟ್ಟು ತೀರಿಸಿಕೊಳ್ಳಲಾಗುವುದಿಲ್ಲವಲ್ಲ, ಗೋಣೆಪ್ಪ ಸಿಕ್ಕ. ಖಾಲಿ ಕೊಡ ಹಿಡಿದು ಪಂಪ್‌ಹೌಸಿಗೆ ಹೋದವರಲ್ಲಿ ನಾನೂ ಇದ್ದೆ.

"ತಂಗಿ ಎಮ್ಮಿ ಸಲುವಾಗಿ ನಮ್ಮ ನೀರು ಬಿಟ್ಟಿ," ಎಂದ ನೀರಿನ ಸಮಿತಿಯ ವಿರೂಪಾಕ್ಷಪ್ಪ.

ಆ ಮಾತು ಗೋಣೆಪ್ಪನಿಗೆ ಬಹಳ ನಾಟಿತು. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಹೋಗಬೇಕಾದವನು ಆ ವರ್ಷ ಹೋಗಲಿಲ್ಲ. ಅವಳೇ ಎರಡು ಸಲ ಹೇಳಿಕಳಿಸಿದರೂ ಅತ್ತ ತಲೆಹಾಕಲಿಲ್ಲ.

ಮರುವರ್ಷ ಮಳೆ ಸತಾಯಿಸಿತು. ಜೂನ್ ಕೊನೆಯ ಭಾನುವಾರ ಬೆಳಿಗ್ಗೆ ಹೊಳೆ ಕೆಂಪಾಯಿತು. ಓದಿದವನು, ಒಂದು ಕಣ್ಣಿಟ್ಟಿರಲಿ ಎಂದು ಸಮಿತಿ ನನ್ನನ್ನು ಅಲ್ಲಿಗೆ ಕಳಿಸಿತ್ತು. ನಾನು ಗತ್ತಿನಿಂದಲೇ ಹೋಗಿದ್ದೆ. ಗೋಣೆಪ್ಪ ಅರಿಶಿನ ಕುಂಕುಮ ಬಿಟ್ಟು, ಚೀಲದ ಮೇಲೆ ಕೈಯಿಟ್ಟು, ನನ್ನ ಮುಖ ನೋಡಿದ.

"ಏನ್ ಮಾಡ್ಲಿ ಮಾಸ್ತರ್ರ? ಬಿಡ್ಲ್ಯಾ?"

ಇಪ್ಪತ್ತು ವರ್ಷ ಯಾರನ್ನೂ ಕೇಳದ ಮನುಷ್ಯ, ಹೊಳೆಯ ಗಂಧಗಾಳಿ ಇಲ್ಲದ ನನ್ನನ್ನು ಕೇಳಿದ. ನಾನಾದರೂ ಗೊತ್ತಿಲ್ಲ ಅನ್ನಬಹುದಿತ್ತು.

"ಗಡಿಬಿಡಿ ಬ್ಯಾಡ ಗೋಣೆಪ್ಪಣ್ಣ. ಹ್ವಾದ ವರ್ಷದಂಗ ಆದೀತು. ಸಂಜೀತನಕ ನೋಡೂಣು," ಎಂದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಒಮ್ಮೆಲೇ ಉಬ್ಬಿತು. ವಾರಗಟ್ಟಲೆ ಬೀಳಬೇಕಾದ ಮಳೆ ಮೇಲೆಲ್ಲೋ ಒಂದೇ ದಿನ ಬಿದ್ದಿತ್ತು. ಗೋಣೆಪ್ಪ ನಡುವಿನ ಚೀಲಗಳಿಗೆ ಕೈಹಾಕುವಷ್ಟರಲ್ಲಿ ಆಚೆ ದಂಡೆಯ ಬದಿಗೆ ಒಡ್ಡು ಬಾಯಿಬಿಟ್ಟಿತು. ಎರಡು ತಿಂಗಳು ನಿಂತಿದ್ದ ನೀರು ಹೊಸ ನೀರಿನೊಡನೆ ಕೆಳಗೆ ನುಗ್ಗಿತು. ಅವನು ಹೇಗೋ ದಂಡೆ ಹತ್ತಿ, ತಂಗಿಯ ಹೆಸರು ಕೂಗುತ್ತ ಓಡಿದ. ನಾನು ಅವನ ಹಿಂದೆ ಓಡಿದೆ.

ದೇವವ್ವ ಜಾಲಿಗಿಡದ ಬುಡದಲ್ಲಿ ಕೂತಿದ್ದಳು. ಸೀರೆಯೆಲ್ಲ ರಾಡಿ, ಮೊಣಕೈ ತರಚಿ ರಕ್ತ. ಯಾರೋ ಅವಳ ಸೆರಗು ಹಿಡಿದು ಮೇಲೆ ಎಳೆದಿದ್ದರು. ಒಂದು ಎಮ್ಮೆ ಪಕ್ಕದಲ್ಲಿ ನಡುಗುತ್ತಿತ್ತು, ಇನ್ನೊಂದು ಇರಲಿಲ್ಲ. ಒಂದು ವರ್ಷದ ಮೇಲೆ ಅಣ್ಣನನ್ನು ಕಂಡವಳು ಬೈಯಲೂ ಇಲ್ಲ, ಅಳಲೂ ಇಲ್ಲ.

"ಗುಂಡಿಗೆ ಕೆಂಪು ನೀರು ಜಿನುಗಿದ್ದು ಮುಂಜಾನೇನ ನೋಡಿದ್ದೆ ಅಣ್ಣಾ," ಎಂದಳು. "ಮ್ಯಾಲ ನೀ ಅದೀಯಲ್ಲ, ಸಾವಕಾಶ ಬಿಡ್ತಿ ಅಂತ ಎಮ್ಮಿ ಮೈ ತೊಳಿಯಾಕ ಇಳದೆ."

ಗೋಣೆಪ್ಪ ಅವಳ ಮುಂದೆ ಕೂತ. ಮಾಸ್ತರ ಬ್ಯಾಡ ಅಂದ ಎಂದು ಹೇಳಿಬಿಡಬಹುದಿತ್ತು. ಹೇಳಲಿ ಎಂದೇ ನಾನು ತಲೆತಗ್ಗಿಸಿ ನಿಂತಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

"ನನಗ ಹೊಳಿ ತಿಳೀವಲ್ದವ್ವ," ಎಂದ. "ಇನ್ನ ಮ್ಯಾಲ ನನ್ನ ನಂಬಿ ನೀರಿಗೆ ಇಳೀಬ್ಯಾಡ."